ಫಿಯೆಟ್ಟಿಗೆ ಮೀನೆಣ್ಣೆ

ಬಾನೆಟ್ ಎತ್ತಿ ಒಳಗೆ ಇಣುಕುತ್ತ ನಿಂತ ಗಂಡಸಿಗೆ ದಾರಿಹೋಕರು ಕೊಡುವ ಗೌರವವನ್ನು ದೇವಸ್ಥಾನದ ಮೊಕ್ತೇಸರರಿಗೂ ಕೊಡುವುದಿಲ್ಲ. ಒಳಗಿರುವುದರಲ್ಲಿ ಅವನಿಗೆ ಒಂದೂ ತಿಳಿಯದಿದ್ದರೂ ಸರಿ, ಆಗಾಗ ‘ಹ್ಞೂಂ’ ಎನ್ನುತ್ತಿದ್ದರೆ ಸಾಕು. ಈ ಗೌರವದ ಚಟಕ್ಕೆ ಬಿದ್ದೇ ನಾನು ನನ್ನ ಹಳೇ ಫಿಯೆಟ್ ಕಾರನ್ನು ಬೊಬ್ರುವಾಡದ ಮನೆಯಂಗಳದಲ್ಲಿ ಸ್ವತಃ ಸರ್ವಿಸ್ ಮಾಡಿಕೊಳ್ಳುತ್ತ ಬಂದಿದ್ದೇನೆ. ಅದು ಬರುವುದು ಕಂಡರೆ ಗ್ಯಾರೇಜಿನವರು ಚಹಾ ಕುಡಿಯಲು ಎದ್ದು ಹೋಗುತ್ತಾರೆ ಎಂಬುದು ಇನ್ನೊಂದು ಕಾರಣ. ಅದನ್ನು ನಾನು ಹೊರಗೆ ಹೇಳುವುದಿಲ್ಲ.

ನನ್ನ ಹೆಂಡತಿ ಸುಮಿತ್ರಾಗೂ ಈ ಕಾರಿಗೂ ಮೊದಲಿನಿಂದ ಆಗಿಬರುವುದಿಲ್ಲ. ಒಮ್ಮೆ ಬಿಣಗಾ ಏರಿನಲ್ಲಿ ಅದು ನಿಂತಾಗ ರೇಷ್ಮೆ ಸೀರೆಯಲ್ಲೇ ಇಳಿದು ದೂಡಿದವಳು ಅವಳು. ನಾನೂ ದೂಡುತ್ತಿದ್ದೆ, ಆದರೆ ಸ್ಟೇರಿಂಗ್ ಹಿಡಿಯುವವರು ಯಾರು? ಈ ಸಲ ದೇವಬಾಗದಲ್ಲಿ ಅವಳ ತಮ್ಮ ಮೋಹನನ ಹೊಸ ಮನೆಯ ಒಕ್ಕಲು ಬಂತು. ಮೋಹನ ದೋಣಿಯವನು. ಕಾರಿನಲ್ಲೇ ಹೋಗೋಣವೆಂದೆ. ಸುಮಿತ್ರಾ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದಳು.

“ತಮ್ಮನ ಮನೆ ಬಾಗ್ಲ ತನ್ಕ ಅದು ತಾನಾಗಿ ಹೋದ್ರೆ ಇಟ್ಕೊಳ್ಳಿ. ದಾರಿಲಿ ನಿಂತ್ರೆ ಮಾರ್ನೇ ದಿನ ಗುಜರಿಗೆ.”

ಆಗಲಿ ಎಂದು ಮೀಸೆ ತಿರುವಿದೆನಾದರೂ ಗುಜರಿಯ ಮಾತು ಮನಸ್ಸಿಗೆ ನಾಟಿತ್ತು. ಕಚೇರಿಯಲ್ಲಿ, ಮನೆಯಲ್ಲಿ, ಮೀನು ಪೇಟೆಯಲ್ಲಿ ನನ್ನ ಮಾತನ್ನು ಕೇಳುವವರು ಯಾರೂ ಇಲ್ಲ. ಕಾರೂ ಕೇಳುವುದಿಲ್ಲ, ಆದರೆ ಎದುರು ಮಾತಾಡುವುದಿಲ್ಲ. ಅದರ ಮೇಲೆ ನನಗೆ ನಿಜವಾಗಿಯೂ ಪ್ರೀತಿ.

ಲುಂಗಿ ಎತ್ತಿಕಟ್ಟಿ ಕೆಲಸಕ್ಕೆ ಇಳಿದೆ. ಪ್ಲಗ್ಗುಗಳನ್ನು ಬಿಚ್ಚಿ ಮರಳುಕಾಗದದಿಂದ ತಿಕ್ಕಿದೆ. ಕಾರ್ಬುರೇಟರನ್ನು ಪೆಟ್ರೋಲಿನಲ್ಲಿ ಮೀಯಿಸಿದೆ. ಹಳೇ ಎಂಜಿನ್ ಆಯಿಲನ್ನು ಇಳಿಸಲು ಕೈಗೆ ಸಿಕ್ಕಿದ್ದು ಅಡುಗೆಮನೆಯ ಬೋಗುಣಿ; ಅದರ ಕತೆ ಇಲ್ಲಿ ಬೇಡ. ಎಲ್ಲವನ್ನೂ ಮರಳಿ ಜೋಡಿಸಿದ ಮೇಲೆ ಒಂದೇ ಒಂದು ನಟ್ಟು ಮಿಕ್ಕಿತು. ಹಿಂದೆಲ್ಲ ಹಿಡಿಯಷ್ಟು ಮಿಗುತ್ತಿದ್ದವು, ಆದ್ದರಿಂದ ಇದನ್ನು ಪ್ರಗತಿಯೆಂದೇ ತಿಳಿದೆ.

ಕೊನೆಗೆ ಕಾರಿನಡಿ ಮಲಗಿ ನೋಡುತ್ತೇನೆ, ತುಕ್ಕು! ಬೆರಳು ಇಟ್ಟಲ್ಲೆಲ್ಲ ತಗಡು ಹಪ್ಪಳದ ಹಾಗೆ ಉದುರುತ್ತಿದೆ. ನಮ್ಮ ಕಡಲಗಾಳಿಯ ಉಪ್ಪು ಯಾರನ್ನೂ ಬಿಡುವುದಿಲ್ಲ. ಆಗ ಅಪ್ಪನ ನೆನಪಾಯಿತು. ಮಳೆಗಾಲಕ್ಕೆ ಮುಂಚೆ ಅವನು ದೋಣಿಯನ್ನು ದಡಕ್ಕೆ ಎಳೆದು, ಕವುಚಿ ಹಾಕಿ, ಹಲಗೆ ಹಲಗೆಗೂ ತಾರ್ಲೆ ಮೀನಿನ ಎಣ್ಣೆ ಬಳಿಯುತ್ತಿದ್ದ. ಆ ದೋಣಿ ಅಪ್ಪನಿಗಿಂತ ಹೆಚ್ಚು ಬಾಳಿತು. ಅದೇ ಕಡಲು, ಅದೇ ಉಪ್ಪು. ದೋಣಿಗೆ ಆದದ್ದು ಕಾರಿಗೆ ಯಾಕಾಗಬಾರದು? ಹಾರವಾಡದ ನೆಂಟರಿಂದ ಒಂದು ಡಬ್ಬಿ ಎಣ್ಣೆ ತರಿಸಿ ತಳಕ್ಕೆ ಬಳಿದೆ, ಬಾಗಿಲ ಸಂದಿಗೆ ಸುರಿದೆ, ಮಿಕ್ಕಿದ್ದನ್ನು ಚೆಲ್ಲಲು ಮನಸ್ಸು ಬಾರದೆ ಸೀಟಿನಡಿಗೂ ಹಚ್ಚಿದೆ. ಆ ವಾಸನೆಯಲ್ಲೇ ಬೆಳೆದ ನನ್ನ ಮೂಗಿಗೆ ಅದು ವಾಸನೆಯೆಂದೇ ಅನ್ನಿಸಲಿಲ್ಲ. ದೋಣಿಗೆ ಗಾಜು ಏರಿಸಿದ ಕಿಟಕಿ ಇರುವುದಿಲ್ಲ, ಬಿಸಿಯಾಗುವ ಎಂಜಿನ್ನಿನ ಹಿಂದೆ ಹೆಂಡತಿಯೂ ಕೂತಿರುವುದಿಲ್ಲ ಎಂಬುದು ಹೊಳೆಯಲಿಲ್ಲ.

ಒಕ್ಕಲಿನ ದಿನ ಬೆಳಿಗ್ಗೆ ಊರಿನ ಬೆಕ್ಕುಗಳೆಲ್ಲ ಕಾರಿನ ಸುತ್ತ ಸಭೆ ಸೇರಿದ್ದವು. ಸುಮಿತ್ರಾ ಬೆಕ್ಕುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಕೊಟ್ಟ ಮಾತಿಗಾಗಿ ಹತ್ತಿ ಕೂತಳು. ಕಾರು ಹಿಂದೆಂದೂ ಹಾಗೆ ಓಡಿರಲಿಲ್ಲ. ಹಾರವಾಡ ದಾಟಿತು, ಬಿಣಗಾ ಏರನ್ನು ಕೆಮ್ಮದೆ ಹತ್ತಿತು. ಎಂಜಿನ್ ಕಾದ ಹಾಗೆ ಎಣ್ಣೆಯೂ ಕಾದು, ಒಳಗೆ ಯಾರೋ ತಾರ್ಲೆ ಹುರಿಯುತ್ತಿರುವ ಹಾಗಾಯಿತು. ನನಗೋ ಹಿಗ್ಗು. ಸುಮಿತ್ರಾ ಕಾಳಿ ಸೇತುವೆ ದಾಟುವವರೆಗೂ ತಲೆಯನ್ನು ಕಿಟಕಿಯ ಹೊರಗೇ ಇಟ್ಟಿದ್ದಳು.

ಮೋಹನನ ಬಾಗಿಲಿಗೆ ಕಾರು ತಲುಪಿತು, ತಾನಾಗಿ. ಮೋಹನ ಹೊರಬಂದು ಅದನ್ನು ಒಂದು ಸುತ್ತು ಹಾಕಿದ. ಬಗ್ಗಿ ತಳವನ್ನು ಬೆರಳಿನಿಂದ ಒರೆಸಿ ಮೂಸಿದ.

“ಭಾವ, ಎಣ್ಣೆ ಚಲೋ ಹಿಡ್ದದೆ,” ಎಂದ ಗಂಭೀರವಾಗಿ. “ನೀರಿಗೆ ಇಳ್ಸೂದು ಯಾವಾಗ?”

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಊಟದ ಪಂಕ್ತಿಯಲ್ಲಿ ಸುಮಿತ್ರಾಳ ಎಡಬಲದ ಹೆಂಗಸರು ಏನೋ ನೆನಪಾದವರಂತೆ ಒಬ್ಬೊಬ್ಬರಾಗಿ ಎದ್ದು ಬೇರೆ ಕಡೆ ಕೂತರು. ಅವಳ ರೇಷ್ಮೆ ಸೀರೆ ಅಪ್ಪನ ದೋಣಿಯಷ್ಟೇ ಚೆನ್ನಾಗಿ ಎಣ್ಣೆ ಕುಡಿದಿತ್ತು.

ಸಂಜೆ ಹೊರಡುವಾಗ ನಾನು ಬಾಗಿಲು ತೆಗೆದು ಹಿಡಿದೆ. ಅವಳು ಹತ್ತಲಿಲ್ಲ.

“ಗಾಡಿ ಇರ್ಲಿ. ನಾ ಮಾತು ತಪ್ಪೂದಿಲ್ಲ,” ಎಂದಳು. “ಆದ್ರೆ ನಾ ಬಸ್ಸಿಗೆ ಬತ್ತೆ. ಇವತ್ತೂ, ಇನ್ಮುಂದೂ.”

ತೆಗೆದ ಬಾಗಿಲಿನಿಂದ ದೇವಬಾಗದ ಬೆಕ್ಕೊಂದು ಹತ್ತಿ ಅವಳ ಸೀಟಿನಲ್ಲಿ ಕೂತಿತು. ಎಷ್ಟು ಅಟ್ಟಿದರೂ ಇಳಿಯಲಿಲ್ಲ. ಗೆದ್ದ ಕಾರಿನಲ್ಲಿ ಅದರ ಜೊತೆ ಊರಿಗೆ ಬಂದೆ. ಬೆಕ್ಕು ದಾರಿಯುದ್ದಕ್ಕೂ ನನ್ನ ಡ್ರೈವಿಂಗಿನಲ್ಲಿ ತಪ್ಪು ಹುಡುಕಲಿಲ್ಲ, ಆದರೂ ಆ ಸೀಟನ್ನು ನೋಡಿದಾಗಲೆಲ್ಲ ನನಗೆ ಬೇಜಾರಾಯಿತು.

ಮರುದಿನ ಅಂಗಳದಲ್ಲಿ ಬಾನೆಟ್ ಎತ್ತಿ ನಿಂತೆ. ದಾರಿಹೋಕರು ಮೂಗು ಮುಚ್ಚಿಕೊಂಡು ಆಚೆ ಬದಿಯಿಂದ ಸರಿದುಹೋದರು. ಬೆಕ್ಕುಗಳು ಮಾತ್ರ ಬಂದು ಸುತ್ತ ಕೂತು ಬಹಳ ಗೌರವದಿಂದ ನನ್ನನ್ನೇ ನೋಡತೊಡಗಿದವು. ನಾನು ಎಂಜಿನ್ನಿನೊಳಗೆ ಇಣುಕಿ ‘ಹ್ಞೂಂ’ ಎಂದೆ.