ಲೋಳೆ ತೊಳೆದ ಕಳ್ಳ

ಇಲ್ಲ, ನಾನು ತೊಳೆದಿಲ್ಲ. ಯಾರೂ ಬಾಯಿಬಿಟ್ಟು ಕೇಳಿಲ್ಲ ನಿಜ. ಆದ್ರೆ ನಮ್ಮ ಲ್ಯಾಬಲ್ಲಿ ಏನು ಕಾಣೆಯಾದ್ರೂ ಎಲ್ಲರ ಕಣ್ಣು ಮೊದಲು ನನ್ನ ಮೇಲೇ ಬೀಳತ್ತೆ. ಕಾಲೇಜು ಅರ್ಧಕ್ಕೆ ಬಿಟ್ಟವನು ಇನ್ನೇನನ್ನ ಪೂರ್ತಿ ಬಿಟ್ಟಾನು ಅಂತ.

೧. ಲೋಳೆ ಸಾಕೋ ಕೆಲಸ

ಚೆನ್ನೈನ ಪೋರೂರಲ್ಲಿ ಮಣ್ಣು ಪರೀಕ್ಷೆ ಮಾಡೋ ಒಂದು ಲ್ಯಾಬು. ಅಲ್ಲಿ ಗಾಜಿನ ಸಾಮಾನು ತೊಳೆಯೋನು ನಾನು. ಲ್ಯಾಬ್ ನಡೆಸೋ ಮೇಡಂ ನಮ್ಮ ಹಾಗೇ ಕನ್ನಡದೋರು. ಮಣ್ಣಿನ ಬ್ಯಾಕ್ಟೀರಿಯಾಗಳು ಜಾಡಿಯ ಗಾಜಿಗೆ ಕಚ್ಕೊಂಡು, ತಾವೇ ಅಂಟು ಉಗುಳಿ, ಅದರೊಳಗೆ ಒಟ್ಟಿಗೆ ಸಂಸಾರ ಹೂಡ್ತವಂತೆ. ಆ ಪದರಕ್ಕೆ ಬಯೋಫಿಲ್ಮ್ ಅಂತ ಹೆಸರು. ನೋಡೋಕೆ ಬರೀ ಲೋಳೆ. ಅದನ್ನ ಮಾತ್ರ ತೊಳೀಬಾರದು.

ಮೈಲಾಪೂರಿನ ಮನೇಲಿ ಅಮ್ಮಂಗೆ ಹೇಳಿದೆ. ಅಮ್ಮ ಬಚ್ಚಲ ಕಡೆ ಕೈ ತೋರಿಸಿ, "ಇಷ್ಟು ವರ್ಷ ನೀನು ಉಜ್ಜದೆ ಬಿಟ್ಟಿದ್ದು ರಿಸರ್ಚ್ ಅಂತ ಗೊತ್ತಿರ್ಲಿಲ್ಲ ಕಣೋ" ಅಂದ್ಲು.

೨. ಕುಂಕುಮದ ಸೀಲು

ಒಂದು ಬೆಳಿಗ್ಗೆ ನೋಡಿದ್ರೆ ಜಾಡಿ ಫಳಫಳ, ಲೋಳೆ ಮಾಯ. ಅಲ್ಲೇ ಪಿಎಚ್‌ಡಿ ಮಾಡೋ ತಮಿಳಿನೋನೊಬ್ಬ ನನ್ನ ಬ್ರಷ್ ಎತ್ತಿ ಮೂಸಿ ನೋಡಿದ. ದಿನಾ ಮಧ್ಯಾಹ್ನ ನನ್ನ ಟೇಬಲ್ಲಿಗೆ ಅಂಟ್ಕೊಂಡು ಅಮ್ಮನ ಪುಳಿಯೋಗರೆ ತಿನ್ನೋನೇ ಇವನು. ಇನ್ನೊಂದ್ಸಲ ಹೀಗಾದ್ರೆ ಬೇರೆ ಕೆಲಸ ನೋಡ್ಕೋ ಅಂದ್ರು ಮೇಡಂ. ಮನೇಲಿ ತುಪ್ಪದ ಡಬ್ಬಿ ಕಾಯೋ ಹಾಗೆ, ಹೊಸ ಜಾಡಿಗೂ ಮುಚ್ಚಳಕ್ಕೂ ಸೇರಿಸಿ ಕುಂಕುಮದ ಗೆರೆ ಎಳೆದ್ರು. ಮುಚ್ಚಳ ತಿರುಗಿದ್ರೆ ಗೆರೆ ತಪ್ಪತ್ತೆ, ಕಳ್ಳ ಸಿಗ್ತಾನೆ.

ಶುಕ್ರವಾರ ದೇವಸ್ಥಾನದಿಂದ ಸೀದಾ ಕೆಲಸಕ್ಕೆ ಬಂದೆ. ಮೇಡಂ ನನ್ನ ಹಣೆ ನೋಡಿದ್ರು. ಜಾಡಿ ನೋಡಿದ್ರು. ಮತ್ತೆ ಹಣೆ ನೋಡಿದ್ರು. ದೇವರಿಗೆ ಕೈ ಮುಗಿದು ಬಂದು ಸಿಕ್ಕಿಬಿದ್ದವನು ನಾನೊಬ್ಬನೇ ಇರ್ಬೇಕು.

೩. ಊಟ ಮುಗಿದ ಮೇಲೆ

ಸ್ವಲ್ಪ ದಿನಕ್ಕೆ ಆ ಜಾಡಿನೂ ಫಳಫಳ. ಕುಂಕುಮದ ಗೆರೆ ಮಾತ್ರ ಇಟ್ಟ ಹಾಗೇ ಇದೆ. ಆದ್ರೂ ಪಿಎಚ್‌ಡಿಯೋನು ಇದು ನನ್ನ ಕೈಚಳಕಾನೇ ಅಂತಿದ್ದ. ಮೇಡಂ ಜಾಡಿ ನೀರಿನ ಒಂದು ಹನಿ ಮೈಕ್ರೋಸ್ಕೋಪಿಗೆ ಇಟ್ಟು ತುಂಬ ಹೊತ್ತು ನೋಡಿದ್ರು. ನನ್ನ ಕೆಲಸ ಆ ಹನೀಲಿ ತೇಲ್ತಿತ್ತು.

"ಎಲ್ಲ ಇಲ್ಲೇ ಈಜಾಡ್ತಿವೆ. ಊಟ ಮುಗೀತು ಅಂತ ತಾವೇ ಅಂಟು ಕರಗಿಸಿ ಎದ್ದುಬಿಟ್ಟಿವೆ. ನಿನ್ನ ತಪ್ಪೇನಿಲ್ಲಪ್ಪ."

ಕೆಲಸ ಉಳೀತು. ಆ ಖುಷೀಲಿ ನನ್ನ ಡಬ್ಬಿ ತೆಗೆದೆ. ಒಳಗೆ ಒಂದೇ ಒಂದು ಕರಿಬೇವಿನೆಲೆ.

ಬೆಳಿಗ್ಗೆಯಿಂದ ನನ್ನ ಟೇಬಲ್ಲಿಗೆ ಅಂಟ್ಕೊಂಡಿದ್ದವನ ಕಡೆ ಇಬ್ಬರೂ ತಿರುಗಿದ್ವಿ. ಡಬ್ಬಿಗೂ ಕುಂಕುಮ ಇಡ್ಬೇಕಿತ್ತು ಅಂದ್ರು ಮೇಡಂ.

ಅವನು ಬಾಯಿ ಒರೆಸ್ಕೊಂಡು, ಮೆಲ್ಲಗೆ ಟೇಬಲ್ ಬಿಟ್ಟು ಎದ್ದು, ಹೊರಗೆ ಹೋಗಿ ಬಾಗಿಲು ಎಳ್ಕೊಂಡ.