ಓಬಿಯ ಗಂಟಲಿನ ಹುಂಜ

ಅವತ್ತು ಬೆಳಗ್ಗೆ ಹುಂಜ ಕೆಂಚ ಮೊದಲ ಸಲ ಕೂಗಿತು. ಓಬಿಯ ಜೀವ ಬಾಯಿಗೆ ಬಂತು.

ಬೇರೆ ಊರಲ್ಲಾದರೆ ಹುಂಜ ಕೂಗಿದಾಗ ಜನ ಮಗ್ಗುಲು ಬದಲಿಸಿ ಇನ್ನೊಂದು ಗಳಿಗೆ ಮಲಗುತ್ತಾರೆ. ಮತ್ತೋಡಿನ ಆಚೆಗಿನ ಈ ಹಟ್ಟಿಯ ಕತೆಯೇ ಬೇರೆ. ಇಲ್ಲಿನ ದೇವರಿಗೆ ಕೋಳಿ ಆಗಿಬರದು. ತಿನ್ನುವ ಮಾತಿರಲಿ, ಒಂದು ಪುಕ್ಕ ಬೇಲಿಯೊಳಗೆ ಹಾರಿಬಂದರೂ ಮಡಕೆ ಕುಡಿಕೆ ಒಡೆದು, ದೇವರ ಪೆಟ್ಟಿಗೆಯನ್ನು ಹೊಳೆಗೆ ಹೊತ್ತೊಯ್ದು ತೊಳೆಯಬೇಕು. ತಂದವರು ಮನೆಮಂದಿ ಸಮೇತ ಹಟ್ಟಿಯಿಂದ ಹೊರಗೆ. ಹೊಸದುರ್ಗದಿಂದ ಅಮಲ್ದಾರರು ಬಂದಾಗಲೂ, ಬುತ್ತಿಯಲ್ಲಿ ಕೋಳಿ ಇಲ್ಲ ತಾನೆ ಎಂದು ಕೇಳಿಯೇ ಒಳಗೆ ಬಿಟ್ಟಿದ್ದರು. ಅಂಥ ಜನ.

ಇಂಥ ಕಡೆ ಓಬಿ ಹುಂಜ ಸಾಕಿದ್ದಳು. ಎಂಟು ವರ್ಷದ ಹುಡುಗಿ. ಅವ್ವ ತೀರಿಹೋಗಿದ್ದಳು. ಅಪ್ಪ ಕುರಿ ಹೊಡೆದುಕೊಂಡು ಸೀಮೆ ಸುತ್ತುತ್ತಿದ್ದ. ಮನೆಯಲ್ಲಿ ಉಳಿದವಳು ಅಜ್ಜಿ ಕಾಟಮ್ಮ. ಆಕೆ ಆಡುವುದೇ ಅಪರೂಪ, ಆಡಿದರೆ ಬೈಗುಳ. ಸಂತೆದಾರಿಯಲ್ಲಿ ಯಾರದೋ ಬುಟ್ಟಿಯಿಂದ ಬಿದ್ದ ಕೋಳಿಮರಿಯೊಂದು ಚಿಂವ್ ಚಿಂವ್ ಎನ್ನುತ್ತ ಹಿಂದೆಯೇ ಬಂದಾಗ, ಓಬಿಗೆ ಹಟ್ಟಿಯ ದೇವರು ನೆನಪಾಗಲಿಲ್ಲ. ನನ್ನ ಹಿಂದೆ ಬರೋರೂ ಒಬ್ಬರು ಇದ್ದಾರಲ್ಲ ಅನ್ನಿಸಿತು, ಅಷ್ಟೆ. ಹಿತ್ತಲಲ್ಲಿ ಕುರಿಮರಿಗಳ ಗೂಡಿನೊಳಗೆ ಮಂಕರಿ ಕವುಚಿ, ಅದರಡಿ ಬಚ್ಚಿಟ್ಟು ಸಾಕಿದಳು. ಅಜ್ಜಿ ಬೈದದ್ದನ್ನೆಲ್ಲ ಅದಕ್ಕೆ ಒಪ್ಪಿಸಿ ಹಗುರಾಗುತ್ತಿದ್ದಳು. ಕೆಂಚ ಬೆಳೆದರೆ ಹುಂಜವಾಗುತ್ತದೆ, ಹುಂಜವಾದರೆ ಕೂಗುತ್ತದೆ ಎಂಬುದು ಪಾಪ, ಆ ಹಟ್ಟಿಯಲ್ಲಿ ಹುಟ್ಟಿದವಳಿಗೆ ಹೊಳೆಯುವುದಾದರೂ ಹೇಗೆ?

ಕೂಗು ಕೇಳಿ ಹಟ್ಟಿಗೆ ಹಟ್ಟಿಯೇ ಅಂಗಳಕ್ಕೆ ಬಂತು. ಪೂಜಾರಿ ಚಿಕ್ಕತಿಮ್ಮಪ್ಪ ಎಲ್ಲರ ಹಿತ್ತಲೂ ಹುಡುಕಿಸುತ್ತೇನೆ, ಸಿಕ್ಕರೆ ಕತ್ತು ಮುರಿದು ಬೇಲಿಯಾಚೆ ಎಸೆಯುತ್ತೇನೆ ಎಂದ. ಓಬಿ ಮುಂದೆ ಬಂದಳು.

"ನಾನೇ ಕೂಗಿದ್ದು ತಾತ."

ನಂಬಲಿ ಎಂದು ಕತ್ತು ಚಾಚಿ ಕೂಗಿಯೂ ತೋರಿಸಿದಳು. ಚೆನ್ನಾಗಿಯೇ ಕೂಗಿದಳು. ಕಾಟಮ್ಮ ಮೊಮ್ಮಗಳ ಬೆನ್ನಿಗೆ ಎರಡು ಬಾರಿಸಿದಳು, ಜನ ಬೈದುಕೊಂಡು ಚದುರಿದರು.

ಆದರೆ ಹೊಸದಾಗಿ ಗಂಟಲು ಬಂದವರು ಸುಮ್ಮನಿರುತ್ತಾರೆಯೇ? ಕೆಂಚ ಹಾಲು ಕರೆಯುವ ಹೊತ್ತಿಗೆ ಕೂಗಿತು, ಓಬಿಯೂ ಕೂಗಿದಳು. ಉಣ್ಣುವಾಗ ಕೂಗಿತು, ಓಬಿ ಮುದ್ದೆ ಗಂಟಲಲ್ಲಿಟ್ಟುಕೊಂಡೇ ಕೂಗಿ ಕಣ್ಣಲ್ಲಿ ನೀರು ತಂದುಕೊಂಡಳು. ಬಾವಿಯ ಹತ್ತಿರ ನಿಂತಾಗ ದೂರದ ಹಿತ್ತಲಿಂದ ದನಿ ಬಂತು. ಗಾಬರಿಯಲ್ಲಿ ಬಿಂದಿಗೆ ಕೈಬಿಟ್ಟು ಕೂಗಿದಳು. ನೀರು ಸೇದುತ್ತಿದ್ದ ಹನುಮಮ್ಮ ಹಗ್ಗ ಬಿಟ್ಟು ಹಿಂದೆ ಸರಿದಳು. ದನಿ ಒಂದು ಕಡೆ, ಬಾಯಿ ಒಂದು ಕಡೆ, ಇದು ಹುಡುಗಾಟವಲ್ಲ, ಮಗುವಿಗೆ ಗಾಳಿ ಸೋಕಿದೆ ಎಂದು ಮನೆಮನೆಗೂ ಹೇಳಿಬಂದಳು.

ಮಧ್ಯಾಹ್ನದ ಹೊತ್ತಿಗೆ ಓಬಿಯನ್ನು ಗುಡಿಯ ಮುಂದೆ ಕೂರಿಸಿದ್ದರು. ಸುತ್ತ ಜನ. ಚಿಕ್ಕತಿಮ್ಮಪ್ಪನ ಕೈಯಲ್ಲಿ ಬೇವಿನ ಕಡ್ಡಿಗಳ ಕಟ್ಟು.

"ಯಾರು ನೀನು? ಎಲ್ಲಿಂದ ಬಂದೆ, ಹೇಳು."

ಹೆದರಿಕೆಗೆ ಎಲ್ಲಿ ಕೆಂಚನ ಹೆಸರು ಬಂದುಬಿಡುತ್ತದೋ ಎಂದು ಓಬಿ ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದಳು. ಆಗಲೇ ಹಿತ್ತಲಿಂದ ಕೆಂಚ ಕೂಗಿತು. ಉದ್ದಕ್ಕೆ, ರಾಗವಾಗಿ ಕೂಗಿತು.

ಓಬಿಯ ಬಾಯಿ ಮುಚ್ಚಿದ್ದನ್ನು ಎಲ್ಲರೂ ನೋಡಿದರು. ಪೂಜಾರಿಯ ಕಣ್ಣು ಮೆಲ್ಲಗೆ ಹಿತ್ತಲ ಕಡೆ ತಿರುಗಿತು. ಕೆಂಚನ ಕತ್ತು ಹೋಯಿತು, ಅಜ್ಜಿಯ ಸೂರೂ ಹೋಯಿತು ಎಂದು ಓಬಿ ಗಟ್ಟಿಯಾಗಿ ಕಣ್ಣು ಮುಚ್ಚಿದಳು.

ಪಕ್ಕದಲ್ಲೇ ಇನ್ನೊಂದು ಕೂಗು ಎದ್ದಿತು, ಒಡಕು ದನಿಯದು. ಕಣ್ಣು ಬಿಟ್ಟು ನೋಡಿದರೆ ಕಾಟಮ್ಮ. ಊರುಗೋಲು ಹಿಡಿದು, ಸುಕ್ಕುಗತ್ತು ಮೇಲೆತ್ತಿ ಕೂಗುತ್ತಿದ್ದಳು.

ಜನ ಹೋ ಎಂದು ದೂರ ಓಡಿದರು. ಗಾಳಿ ಮೊಮ್ಮಗಳನ್ನು ಬಿಟ್ಟು ಅಜ್ಜಿಯನ್ನು ಹಿಡಿಯಿತು ಎಂದು ಪೂಜಾರಿ ಸಾರಿದ. ಇಬ್ಬರೂ ಬೇಲಿಯಾಚೆ ಹೊಲದ ಗುಡಿಸಲಲ್ಲಿರಲಿ, ದೀಪ ಹಚ್ಚುವ ಹೊತ್ತಿಗೆ ಬಂದು ಕೇಳುತ್ತೇನೆ, ಗಾಳಿ ಬಿಟ್ಟಿದ್ದರೆ ಸರಿ, ಇಲ್ಲದಿದ್ದರೆ ಮತ್ತೆ ಹಟ್ಟಿ ತುಳಿಯಕೂಡದು ಎಂದು ತೀರ್ಪು ಕೊಟ್ಟ.

ಓಬಿ ಯಾರಿಗೂ ಕಾಣದಂತೆ ಕೆಂಚನನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದಳು. ಗುಡಿಸಲಲ್ಲಿ ಬಿಚ್ಚಿದ್ದೇ ತಡ, ಅದು ನೆಟ್ಟಗೆ ಕಾಟಮ್ಮನ ಹತ್ತಿರ ಓಡಿ ಅವಳ ಮುಷ್ಟಿಯನ್ನು ಕುಟುಕತೊಡಗಿತು. ಕಾಟಮ್ಮ ಮುಷ್ಟಿ ಬಿಚ್ಚಿದಳು. ಒಳಗೆ ರಾಗಿಕಾಳು. ಓಬಿ ಬಾಯಿ ಬಿಟ್ಟುಕೊಂಡು ನೋಡಿದಳು.

"ಏನೇ ಹಂಗೆ ನೋಡ್ತೀಯ? ಮರಿಗೆ ಸೊಪ್ಪು ಹಾಕಾಕೆ ಹೋದಾಗೆಲ್ಲ ಇದಕ್ಕೂ ಒಂದು ಹಿಡಿ ಹಾಕಿ ಬರ್ತಿದ್ದೆ," ಅಂದಳು ಕಾಟಮ್ಮ. "ನಿಮ್ಮವ್ವ ಹೋದ ಮೇಲೆ ನೀನು ನಕ್ಕಿದ್ದು ಆ ಗೂಡಿನಾಗೇ. ಕೇಳಿ ಸುಮ್ನಾದೆ."

ಓಬಿಗೆ ಅಳು ತಡೆಯಲಾಗಲಿಲ್ಲ. ಅಜ್ಜಿ ಬೈಯಲಿಲ್ಲ, ತಲೆ ನೇವರಿಸಿದಳು. ಗಾಳಿ ಬಿಟ್ಟಿತೆಂದು ಹೇಳಿ ಒಳಗೆ ಹೋಗೋಣ, ಕೆಂಚ ಗುಡಿಸಲಲ್ಲೇ ಇರಲಿ, ದಿನಾ ಬಂದು ನೋಡೋಣ ಎಂದು ಇಬ್ಬರೂ ಮಾತಾಡಿಕೊಂಡರು. ಹೊತ್ತು ಇಳಿಯುತ್ತಲೇ ಕೆಂಚನನ್ನು ಮತ್ತೆ ಕಂಬಳಿಯಲ್ಲಿ ಸುತ್ತಿ, ಕಾಟಮ್ಮ ಮಡಿಲಲ್ಲಿ ಅವುಚಿಕೊಂಡು ಕೂತಳು.

ಹಟ್ಟಿಯ ಬೇಲಿಯ ಬಳಿ ದೀಪ ಕಂಡಿತು. ಅದರ ಹಿಂದೆ ಹಟ್ಟಿಯವರೆಲ್ಲ ನಿಂತಿದ್ದರು.

"ಕಾಟಮ್ಮಾ, ಗಾಳಿ ಬಿಡ್ತೇನವ್ವ?" ಎಂದು ಚಿಕ್ಕತಿಮ್ಮಪ್ಪ ಕೇಳಿದ.

ಕಾಟಮ್ಮ ಹೂಂ ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಕಂಬಳಿಯೊಳಗಿನಿಂದ ಉತ್ತರ ಬಂದುಬಿಟ್ಟಿತು.