ಸಿಡಿಲಮರಿ ಆಗಲೇ ಒಳಗಿದ್ದಾನೆ

ಹೆಸರು, ಗುಟ್ಟಿನ ಪದ ಒತ್ತಿದೊಡನೆ ಕಚೇರಿಯ ಕಂಪ್ಯೂಟರಿನ ಪರದೆಯ ಮೇಲೆ ಮೂಡಿದ ಒಂದೇ ಒಂದು ಸಾಲು ಓದಿ ಉಗ್ರಾಣದ ಗುಮಾಸ್ತನ ತಲೆ ಗಿರ್ರೆಂದಿತು: "ಸಿಡಿಲಮರಿ ಆಗಲೇ ಊರೊಳಗಿದ್ದಾನೆ."

ಸಿಡಿಲಮರಿ ಅಂದರೆ ಇವನೇ! ಕಂಪ್ಯೂಟರಿನೊಳಗಿನ ಆ ಆಟದ ಊರಿಗೆ ಚಿತ್ರವಿಲ್ಲ, ಸದ್ದಿಲ್ಲ; ಎಲ್ಲ ಬರೀ ಅಕ್ಷರ. 'ನಡೆ' ಎಂದು ಒತ್ತಿದರೆ ನಡೆದಂತೆ, 'ನಗು' ಎಂದರೆ ನಕ್ಕಂತೆ. ಎಲ್ಲೆಲ್ಲೋ ಕೂತ ಜನ ಟೈಪು ಮಾಡುತ್ತಲೇ ಅಲ್ಲಿ ಊರು ಕಟ್ಟಿಕೊಂಡಿದ್ದರು. ಕಚೇರಿಯಲ್ಲಿ ಯಾರೂ ಕ್ಯಾರೇ ಅನ್ನದ ಗುಮಾಸ್ತ ಅಲ್ಲಿ ದೊಡ್ಡ ಮನುಷ್ಯ. ಇವತ್ತು ಅವನನ್ನು ಮುಖಂಡನನ್ನಾಗಿ ಆರಿಸುವವರಿದ್ದರು. ಪಾಪ, ಜೀವಮಾನದಲ್ಲಿ ಅವನ ಕೈಗೆ ಎಟುಕಲಿದ್ದ ಪದವಿ ಅದೊಂದೇ.

ಬೇರೆ ದಾರಿ ಕಾಣದೆ 'ಅತಿಥಿ' ಎಂಬ ಹೆಸರಿನಲ್ಲಿ ಒಳಹೊಕ್ಕ. ನೋಡಿದರೆ, ಕೆರೆಯ ಮೆಟ್ಟಿಲ ಮೇಲೆ ಸಿಡಿಲಮರಿ ಕೂತು ಜನರನ್ನು ನಗಿಸುತ್ತಿದ್ದಾನೆ!

"ಅವನು ಕಳ್ಳ! ನಾನೇ ಸಿಡಿಲಮರಿ!" ಎಂದು ಗುಮಾಸ್ತ ಕುಟ್ಟಿದ.

"ಅತಿಥಿಗೆ ಬಿಸಿಲು ಹೊಡೆದಿರಬೇಕು. ಸ್ವಲ್ಪ ನೆರಳಲ್ಲಿ ಕೂರಿಸಿ," ಎಂದ ಸಿಡಿಲಮರಿ.

ಅಷ್ಟರಲ್ಲಿ ಕ್ಯಾಷಿಯರ್, ಟೈಪಿಸ್ಟಮ್ಮ ಇಬ್ಬರೂ ಗುಮಾಸ್ತನ ಬೆನ್ನ ಹಿಂದೆ ಜಮಾಯಿಸಿದರು.

"ಇಬ್ರಲ್ಲಿ ನೀನು ಯಾವನಯ್ಯಾ?" ಎಂದ ಕ್ಯಾಷಿಯರ್.

"ಆ ಇನ್ನೊಬ್ರು ಎಷ್ಟು ಚೆನ್ನಾಗಿ ಮಾತಾಡ್ತಾರೆ ನೋಡಿ! ಅವರೇ ನೀವಾಗಿದ್ರೆ ಚೆನ್ನಾಗಿತ್ತು," ಎಂದರು ಟೈಪಿಸ್ಟಮ್ಮ.

ಗುಮಾಸ್ತನಿಗೇ ಒಂದು ಕ್ಷಣ ತಾನು ಯಾರೆಂಬ ಅನುಮಾನ ಬಂತು.

ಅತ್ತ ಪರದೆಯಲ್ಲಿ ಊರಿನ ಹಿರಿಯಜ್ಜಿ ನ್ಯಾಯಕ್ಕೆ ಕೂತಳು. "ಸಿಡಿಲಮರಿ ಸಂಸಾರಸ್ಥ. ಇಬ್ಬರೂ ಹೇಳಿ, ನಿಮ್ಮ ಮನೇಲಿ ಸಕ್ಕರೆ ಡಬ್ಬ ಎಲ್ಲಿದೆ?"

ಗುಮಾಸ್ತನೋ, ಉಗ್ರಾಣದ ಯಾವ ಮೊಳೆ ಯಾವ ಗೂಡಿನಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲ. ಸಕ್ಕರೆ?

"ಮೇಲಿನ ಹಲಗೆ ಅಂತ ಹಾಕಪ್ಪಾ," ಎಂದ ಕ್ಯಾಷಿಯರ್.

"ಅಯ್ಯೋ, ಬೇಡ! ಒಲೆ ಪಕ್ಕ ಅನ್ನಿ," ಎಂದರು ಟೈಪಿಸ್ಟಮ್ಮ.

"ಅಡುಗೆಮನೇಲೇ ಎಲ್ಲೋ ಇದೆ," ಎಂದು ಗುಮಾಸ್ತ ಒತ್ತಿಬಿಟ್ಟ.

ಸಿಡಿಲಮರಿ ತಡವರಿಸಲಿಲ್ಲ. "ಎರಡನೇ ಹಲಗೆ, ಉಪ್ಪಿನ ಜಾಡಿ ಹಿಂದೆ. ಮುಚ್ಚಳ ಸರಿಯಾಗಿ ಕೂರಲ್ಲ. ಸರಿಮಾಡ್ತೀನಿ ಅಂತ ಹೇಳಿ ವರ್ಷ ಆಯ್ತು."

ಆ ಮುಚ್ಚಳ! ಸರಿಮಾಡುತ್ತೇನೆಂದು ತಾನೇ ಮಾತು ಕೊಟ್ಟದ್ದು ಗುಮಾಸ್ತನಿಗೆ ಈಗ ನೆನಪಾಯಿತು. ಯಾವನೀ ಆಸಾಮಿ? ತಾನಿಲ್ಲದ ಹೊತ್ತಿನಲ್ಲಿ ಅಡುಗೆಮನೆಗೂ ನುಗ್ಗುತ್ತಾನೆಯೇ? ಅತ್ತ ಊರವರು "ತನ್ನ ಮನೆಯೇ ಗೊತ್ತಿಲ್ಲದವನು ಸಿಡಿಲಮರಿಯಂತೆ!" ಎಂದು ಅತಿಥಿಯನ್ನು ಹೊರದಬ್ಬಿ, ಸಿಡಿಲಮರಿಗೆ ಜೈ ಅಂದರು.

ಗುಮಾಸ್ತ ಅರ್ಧ ದಿನದ ರಜೆ ಹಾಕಿ ಏದುಸಿರು ಬಿಡುತ್ತ ಮನೆಗೆ ಓಡಿದ. ಹೆಂಡತಿ ಕಂಪ್ಯೂಟರಿನ ಮುಂದೆ ಕೂತು ಪಟಪಟ ಟೈಪು ಮಾಡುತ್ತಿದ್ದಳು.

"ನೀನಾ!"

"ಶ್, ಸಭೆ ನಡೀತಿದೆ. ಗುಟ್ಟಿನ ಪದ ನಿದ್ದೇಲೂ ಬಡಬಡಿಸ್ತೀರಲ್ಲ, ಒಳಗೆ ಹೋಗೋದೇನು ಕಷ್ಟ? ಮನೆಗೆ ಬಂದ್ರೂ ನೀವು ಇರೋದು ಆ ಊರಲ್ಲೇ. ಅಂಥಾದ್ದೇನಿದೆ ಅಂತ ನೋಡೋಕೆ ಹೋದೆ. ನನ್ನ ಮಾತು ಕೇಳಿಸ್ಕೊಳ್ಳೋ ಜನ ಅಲ್ಲಿದ್ದಾರೆ ಕಣ್ರೀ."

ಗುಮಾಸ್ತನಿಗೆ ನಾಚಿಕೆಯಾಯಿತು. ಆದರೂ ಪದವಿಯ ಆಸೆ ಬಿಡಬೇಕಲ್ಲ!

"ತಪ್ಪಾಯ್ತು ಕಣೇ. ನಿಜವಾದ ಸಿಡಿಲಮರಿ ನಾನೇ ಅಂತ ಅವರಿಗೊಂದು ಮಾತು ಹೇಳಿಬಿಡು."

"ಹೇಳ್ತಿದ್ದೆ. ಆದ್ರೆ ಮುಖಂಡ ಆದ ತಕ್ಷಣ ಮೊದಲನೇ ಆಜ್ಞೆ ಹೊರಡಿಸಿಬಿಟ್ಟೆನಲ್ಲ," ಎಂದಳು ಹೆಂಡತಿ. "ನಿಜವಾದ ಸಿಡಿಲಮರಿ ಬೇರೆ ಇದ್ದಾನೆ ಅಂತ ಇನ್ಮೇಲೆ ಯಾರು ಬಾಯಿಬಿಟ್ರೂ, ನಾನೇ ಹೇಳಿದ್ರೂ ಸರಿ, ನಂಬಬೇಡಿ ಅಂತ!"